ಅರುವತ್ತು ಮನೆಯ ನೀರು, ಒಂದು ಕಬ್ಬಿಣದ ಕೀ

ಮೊನ್ನೆ ಒಬ್ಬರು ನನ್ನ ಪೋಸ್ಟಿನ ಕೆಳಗೆ ಬರೆದಿದ್ದರು: "ಮೇಡಂ, ನಿಮಗೆ ಟೆಕ್ನಾಲಜಿ ಕಂಡರೆ ಆಗುವುದಿಲ್ಲವಾ?" ಆಗುವುದಿಲ್ಲ ಅಂತಾದರೆ ನಾನು ನಿಮಗೆ ಈ ಕಥೆಗಳನ್ನೆಲ್ಲ ಹೇಳುವುದು ಎಲ್ಲಿಂದ ಮಾರಾಯ್ರೇ, ಅಂಚೆ ಕಾರ್ಡಿನಲ್ಲಾ? ನಮ್ಮ ವಾರ್ಡಿನಲ್ಲಿ ಮೊದಲು ವೈಫೈ ಹಾಕಿಸಿದ್ದೇ ನಾನು. ಯಜಮಾನರು ಮಸ್ಕತ್ತಿನಲ್ಲಿ, ಮಗಳು ಮದುವೆಯಾಗಿ ಸಂತೆಕಟ್ಟೆಯಲ್ಲಿ. ವೈಫೈ ಇಲ್ಲದಿದ್ದರೆ ನಾನು ಫ್ರಿಜ್ಜಿನ ಹತ್ತಿರ ಮಾತಾಡಬೇಕಿತ್ತು. ಆದರೆ ನೀರಿನ ವಿಷಯದಲ್ಲಿ ಈಗ ನಾನು ಗಟ್ಟಿ. ಯಾಕೆ ಗಟ್ಟಿ ಅಂತ ಪೂರ್ತಿ ಹೇಳುತ್ತೇನೆ. ನನ್ನ ಮಾನ ಹೋದ ಭಾಗವನ್ನೂ ಬಿಡುವುದಿಲ್ಲ.

ನಮ್ಮ ಮನೆ ಕಾಪುವಿನಲ್ಲಿ, ಸಮುದ್ರಕ್ಕೂ ಹೈವೇಗೂ ನಡುವೆ. ಬಾವಿ ಉಂಟು. ಆದರೆ ಏಪ್ರಿಲಿನ ಬಿಸು ಹಬ್ಬ ಕಳೆದ ಮೇಲೆ ಆ ನೀರು ಉಪ್ಪು. ಪಾತ್ರೆ ತೊಳೆದರೆ ಬಿಳಿ ಕಲೆ, ತಲೆಗೆ ಹಾಕಿದರೆ ಕೂದಲು ತೆಂಗಿನ ನಾರಿನ ಹಾಗೆ. ಮಳೆ ಹಿಡಿಯುವವರೆಗೆ ಅರುವತ್ತು ಮನೆಗೂ ನಳ್ಳಿ ನೀರೇ ಗತಿ. ಗುಡ್ಡೆಯ ಮೇಲೆ ದೊಡ್ಡ ಟ್ಯಾಂಕಿ, ಅಲ್ಲಿಂದ ಪೈಪು, ನಮ್ಮ ಕಾಂಪೌಂಡಿನ ಮೂಲೆಯಲ್ಲಿ ವಾಲ್ವು. ದಿನ ಬಿಟ್ಟು ದಿನ ಬೆಳಿಗ್ಗೆ ಆರು ಗಂಟೆಗೆ ನೀರು ಬಿಡುವ ಅಣ್ಣ ಬರುತ್ತಿದ್ದರು. ಹೆಗಲ ಮೇಲೆ ನಾಲ್ಕು ಅಡಿಯ ಕಬ್ಬಿಣದ ಕೀ. ಚಪ್ಪಡಿ ಸರಿಸಿ, ಕೀ ಇಳಿಸಿ, ಎರಡು ಕೈಯಲ್ಲಿ ತಿರುಗಿಸಿದರೆ ಮನೆಮನೆಯಲ್ಲೂ ನಳ್ಳಿ ಕೆಮ್ಮಲು ಶುರು. ಇಪ್ಪತ್ತೈದು ವರ್ಷ ಹಾಗೆಯೇ ನಡೆಯಿತು.

ಕಳೆದ ವರ್ಷ ಅವರು ರಿಟೈರ್ ಆದರು. ಅವರ ಜಾಗಕ್ಕೆ ಬಂದದ್ದು ಮನುಷ್ಯ ಅಲ್ಲ, ಪೆಟ್ಟಿಗೆ. ಹೊಸ ವಾಲ್ವು, ಅದಕ್ಕೊಂದು ಮೋಟಾರು, ಬೂದು ಬಣ್ಣದ ಪೆಟ್ಟಿಗೆಯೊಳಗೆ ಸಿಮ್ಮು. ಇಂಜಿನಿಯರ್ ಆಫೀಸಿನಲ್ಲಿ ಕೂತು ಮೊಬೈಲು ಒತ್ತಿದರೆ ನಮ್ಮಲ್ಲಿ ನೀರು. ನಾವೆಲ್ಲ ಬಾಯಿ ಬಿಟ್ಟು ನೋಡಿದ್ದೇ ನೋಡಿದ್ದು. ಹಳೆಯ ವಾಲ್ವನ್ನು ಅದರ ಪಕ್ಕದ ಹಳೇ ಪೈಪಿನಲ್ಲಿ, ಚಪ್ಪಡಿಯ ಕೆಳಗೆ, ಮುಚ್ಚಿದ ಹಾಗೆಯೇ ಬಿಟ್ಟು ಸೀಲ್ ಹಾಕಿದರು.

ಮೊದಲ ವಾರವೇ ಸಮಸ್ಯೆ. ನಮ್ಮ ಮೂಲೆಯಲ್ಲಿ ಸಿಮ್ಮಿಗೆ ರೇಂಜ್ ಸಿಗುವುದಿಲ್ಲ, ತೆಂಗಿನಮರದ ಸಂದಿಯಲ್ಲಿ ಒಂದು ಕಡ್ಡಿ ಬಂದರೆ ಭಾಗ್ಯ. ಇಂಜಿನಿಯರ್ ನಮ್ಮ ಜಗಲಿಗೆ ಬಂದು ತಲೆ ಕೆರೆದುಕೊಂಡ.

"ಆಂಟಿ, ನಿಮ್ಮ ವೈಫೈ ಇಲ್ಲಿಗೆ ಫುಲ್ ಬರ್ತದೆ. ಸ್ವಲ್ಪ ದಿನಕ್ಕೆ ಪಾಸ್‌ವರ್ಡ್ ಕೊಡ್ತೀರಾ? ಆಮೇಲೆ ಬೇರೆ ವ್ಯವಸ್ಥೆ ಮಾಡ್ತೇವೆ."

ಕೊಟ್ಟೆ. ಹೆಮ್ಮೆಯಿಂದ ಕೊಟ್ಟೆ. ಅದನ್ನೊಂದು ಪೋಸ್ಟ್ ಕೂಡಾ ಮಾಡಿದೆ, ಇನ್ನೂರು ಲೈಕು ಬಂತು. ಆಮೇಲೆ ಮರೆತೇ ಬಿಟ್ಟೆ. ಅವನಿಗೂ ಟ್ರಾನ್ಸ್‌ಫರ್ ಆಯಿತು. ಹೊಸಬ ಬಂದ. ಆ "ಸ್ವಲ್ಪ ದಿನ" ಎಂಟು ತಿಂಗಳಾಯಿತು.

ಈಗ ಘಟ್ಟದ ಮೇಲಿನವರಿಗೆ ಒಂದು ಮಾತು ಹೇಳಬೇಕು. ನಮ್ಮ ಕರಾವಳಿಯಲ್ಲಿ ಮಳೆಗಾಲ ಶುರುವಾಗುವ ಮೊದಲು ಬರುವ ಸಿಡಿಲು ನಿಮ್ಮ ಸಿಡಿಲಿನ ಹಾಗಲ್ಲ. ಅದು ಮನೆಯೊಳಗೆ ಬಂದು ಟಿವಿಯನ್ನು ಮಾತಾಡಿಸಿ ಹೋಗುತ್ತದೆ. ಅದಕ್ಕೇ ಇಲ್ಲಿ ಹುಟ್ಟಿದವರಿಗೆಲ್ಲ ಒಂದು ಅಭ್ಯಾಸ. ಪಡುವಣದಲ್ಲಿ ಗುಡುಗು ಕೇಳಿತೋ, ಕೈಯಲ್ಲಿ ಇರುವುದನ್ನು ಬಿಟ್ಟು ಓಡಿ ಪ್ಲಗ್ಗು ತೆಗೆಯುವುದು. ಟಿವಿ, ಫ್ರಿಜ್ಜು, ಮಿಕ್ಸಿ, ಮೋಡೆಮ್ಮು. ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗೇ ಹೊರಗೆ ಬರಬೇಕು. ಅಡಿಗೆ ಸೀದರೂ ಆಗಬಹುದು, ಪ್ಲಗ್ಗು ಮಾತ್ರ ಇರಬಾರದು. ಗುಡುಗು ನಿಂತ ಮೇಲೆ ಪುನಃ ಹಾಕುವುದು. ನೀರು ಬರುವುದು ಬೆಳಿಗ್ಗೆ, ಗುಡುಗು ಬರುವುದು ಸಂಜೆ. ಹಾಗಾಗಿ ಅಷ್ಟು ದಿನ ಯಾರಿಗೂ ಏನೂ ಗೊತ್ತಾಗಲಿಲ್ಲ.

ಮೇ ತಿಂಗಳು. ಮಗಳು ಚೊಚ್ಚಲ ಹೆರಿಗೆಗೆ ನಮ್ಮಲ್ಲಿಗೆ ಬಂದಿದ್ದಳು. ಒಂದು ದಿನ ಸಂಜೆ ನಾಲ್ಕು ಗಂಟೆಗೆ ಅವಳಿಗೆ ನೋವು ಶುರು, ಅದೇ ಹೊತ್ತಿಗೆ ಸಮುದ್ರದ ಕಡೆಯಿಂದ ಗುಡುಗು. ನಾನು ಒಂದು ಕೈಯಲ್ಲಿ ಬ್ಯಾಗು, ಇನ್ನೊಂದು ಕೈಯಲ್ಲಿ ಪ್ಲಗ್ಗು ಕೀಳುತ್ತಾ ಮನೆಯಿಡೀ ಓಡಿದೆ.

"ಅಮ್ಮಾ, ಫ್ರಿಜ್ಜು ಸಾಯಲಿ, ನೀನು ಬಾ!" ಅಂತ ಬಾಡಿಗೆ ಕಾರಿನಿಂದ ಅವಳು ಕೂಗುತ್ತಿದ್ದಳು.

ಎಲ್ಲಾ ಕಿತ್ತೆ. ಬೀಗ ಹಾಕಿದೆ. ಮಣಿಪಾಲಕ್ಕೆ ಹೋದೆವು.

ಹೆಣ್ಣು ಮಗು. ಮೂರು ಕಿಲೋಗೆ ಸ್ವಲ್ಪ ಕಡಿಮೆ, ಗಂಟಲು ಮಾತ್ರ ಹದಿನೈದು ಕಿಲೋದ್ದು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದೆವು. ಅಲ್ಲಿ ಒಂದು ಸಣ್ಣ ವಿಷಯ ನೋಡಿದೆ. ಮಗಳಿಗೆ ಹೊಲಿಗೆಯ ಜಾಗ ನೋಯುತ್ತದೆ ಅಂದಾಗ ನರ್ಸು ಡಾಕ್ಟರಿಗೆ ಫೋನ್ ಮಾಡಿದರು. ಕಿಸೆಯಲ್ಲಿ ದೊಡ್ಡ ಮೊಬೈಲು ಇತ್ತು. ಅದನ್ನು ಮುಟ್ಟಲೇ ಇಲ್ಲ, ಗೋಡೆಯಲ್ಲಿ ನೇತಾಡುವ ಸುರುಳಿ ವಯರಿನ ಹಳೇ ಫೋನು ಎತ್ತಿದರು. "ಇದೆಂತ ಸಿಸ್ಟರ್, ಇನ್ನೂ ಇದು ಉಂಟಾ?" ಅಂತ ಕೇಳಿದೆ. "ಇದು ಸಿಗುವುದಿಲ್ಲ ಅಂತ ಇಲ್ಲ ಅಮ್ಮ," ಅಂದರು. ಅಷ್ಟೇ. ಆಗ ತಲೆಗೆ ಹೋಗಲಿಲ್ಲ.

ಆಗ ನನ್ನ ತಲೆಯಿಡೀ ವಾರ್ಡಿನ ವಾಟ್ಸಾಪ್ ಗ್ರೂಪಿನಲ್ಲಿತ್ತು. ನಾವು ಹೋದ ಮಾರನೇ ದಿನ ನೀರು ಬರಲಿಲ್ಲ. ಅದರ ನಾಡಿದ್ದೂ ಇಲ್ಲ. ಗುಡ್ಡೆಯ ಟ್ಯಾಂಕಿ ತುಂಬಿ ಹೊರಗೆ ಚೆಲ್ಲುತ್ತಿದೆ, ಕೆಳಗೆ ನಳ್ಳಿಯಲ್ಲಿ ಗಾಳಿ. ಆಫೀಸಿಗೆ ಫೋನ್ ಮಾಡಿದವರಿಗೆಲ್ಲ ಒಂದೇ ಉತ್ತರ: "ಸಿಡಿಲಿಗೆ ನೆಟ್‌ವರ್ಕ್ ಹೋಗಿದೆ, ಸರಿಯಾಗ್ತದೆ." ನನಗೆ ಪಿತ್ತ ನೆತ್ತಿಗೇರಿತು. ಆಸ್ಪತ್ರೆಯ ವರಾಂಡದಲ್ಲಿ ಕೂತು ಒಂದು ಪೋಸ್ಟ್ ಬರೆದೆ, ಬೆಂಕಿ. ಫ್ಯಾನಿನ ಕೆಳಗೆ ಕೂತು ನೀರು ಬಿಡುವವರಿಗೆ ಕೊಡಪಾನದ ಭಾರ ಗೊತ್ತುಂಟಾ, ಬೇಜವಾಬ್ದಾರಿ ಯಾರದ್ದು, ಹೆಸರು ಹೇಳಿ, ಅಂತ. ಜನ ಕಣ್ಣು ಮುಚ್ಚಿ ಶೇರ್ ಮಾಡಿದರು. ಆ ಪೋಸ್ಟನ್ನು ನಾನು ಅಳಿಸಿಲ್ಲ. ಬೇಕಾದರೆ ಹುಡುಕಿ ಓದಿ, ನಗಿ.

ನಾಲ್ಕನೇ ದಿನ ಮಧ್ಯಾಹ್ನ ಮಗು ಎತ್ತಿಕೊಂಡು ಬಂದರೆ ನಮ್ಮ ಮನೆ ಮೇಲಿನ ಟ್ಯಾಂಕಿಯಲ್ಲಿ ಒಂದು ಗೇಣು ನೀರು. ಪಕ್ಕದ ಮನೆಯ ಬಾಯಮ್ಮ, ಎಪ್ಪತ್ತು ದಾಟಿದ ಕೊಂಕಣಿ ಹೆಂಗಸು, ಡ್ರಮ್ಮಿನಲ್ಲಿ ಹಿಡಿದಿಟ್ಟದ್ದರಲ್ಲಿ ಎರಡು ಕೊಡಪಾನ ತಂದು ಮೆಟ್ಟಿಲಲ್ಲಿ ಇಟ್ಟಿದ್ದರು.

"ಇದು ಮಗುವಿಗೆ. ನೀನು ಕೈಕಾಲು ತೊಳೆದು ಮುಗಿಸಬೇಡ," ಅಂದರು.

ಬಾಣಂತಿ ಮನೆಯಲ್ಲಿ ನೀರು ಅಂದರೆ ಎಷ್ಟು ಬೇಕು ಅಂತ ಹೆತ್ತವರಿಗೆ, ಮೀಯಿಸಿದವರಿಗೆ ಗೊತ್ತು. ಹಂಡೆಗಟ್ಟಲೆ. ಎಣ್ಣೆ ಹಚ್ಚಿ, ಎಲೆ ಹಾಕಿ ಕುದಿಸಿದ ನೀರು ಸೊಂಟಕ್ಕೆ ಹೊಯ್ಯಬೇಕು. ಮಗುವಿನ ಬಟ್ಟೆ ದಿನಕ್ಕೆ ಇಪ್ಪತ್ತು. ಬಾವಿಯ ಉಪ್ಪು ನೀರನ್ನು ಹಸಿ ಹೊಲಿಗೆಗೆ, ನಾಲ್ಕು ದಿನದ ಮಗುವಿನ ಮೈಗೆ ಹಾಕುವುದು ಹೇಗೆ? ಟ್ಯಾಂಕರಿನವನಿಗೆ ಫೋನ್ ಮಾಡಿದೆ. "ಅಕ್ಕ, ಈಗ ಬುಕ್ ಮಾಡಿದರೆ ನಾಡಿದ್ದು," ಅಂದ.

ಅಷ್ಟರಲ್ಲಿ ಸಂತೆಕಟ್ಟೆಯಿಂದ ಮಗಳ ಅತ್ತೆಯ ಫೋನು.

"ನೀರು ಬಂತಾ?"

"ಬರ್ತದೆ."

"ಬರುವುದಿಲ್ಲ ಅಂತ ಪೋಸ್ಟ್ ಹಾಕಿದ್ದೀರಲ್ಲ, ನಾನೂ ಓದಿದೆ. ನೋಡಿ, ನಮ್ಮ ಬಾವಿಯಲ್ಲಿ ಸಿಹಿ ನೀರು ಉಂಟು. ನಾಳೆ ಹತ್ತು ಗಂಟೆಗೆ ಕಾರು ತರ್ತೇನೆ. ನೀರಿಲ್ಲದ ಮನೆಯಲ್ಲಿ ಬಾಣಂತನ ಎಂತ ಮಾಡ್ತೀರಿ? ಮಗು ಎಲ್ಲಿದ್ದರೂ ಮಗುವೇ."

ಅವರು ಹೇಳಿದ್ದರಲ್ಲಿ ತಪ್ಪು ಇಲ್ಲ. ಆದರೂ ನನಗೆ ಒಪ್ಪಲು ಆಗಲಿಲ್ಲ. ಚೊಚ್ಚಲ ಬಾಣಂತನ ತಾಯಿಮನೆಯದ್ದು. ಆರು ತಿಂಗಳಿನಿಂದ ಲೇಹ ಕಾಸುವ ಸಾಮಾನು ತಂದಿಟ್ಟಿದ್ದೆ, ಹಳೆಯ ಸೀರೆಗಳನ್ನು ತೊಳೆದು ಮಡಚಿಟ್ಟಿದ್ದೆ. ಮಗಳು ಮಗುವನ್ನು ಎದೆಗೆ ಹಿಡಿದು ಗೋಡೆ ನೋಡುತ್ತಿದ್ದಳು. ಆಮೇಲೆ ಮೆಲ್ಲ ಕೇಳಿದಳು: "ಅಮ್ಮ, ನಾನು ಹೋಗಬೇಕಾ?"

"ಹತ್ತು ಗಂಟೆಯೊಳಗೆ ಈ ಮನೆಯ ಹಂಡೆ ತುಂಬುತ್ತದೆ. ನೀನು ಮಲಗು," ಅಂದೆ. ಹೇಗೆ ತುಂಬುತ್ತದೆ ಅಂತ ನನಗೂ ಗೊತ್ತಿರಲಿಲ್ಲ.

ಬಾಯಮ್ಮನೇ ದಾರಿ ತೋರಿಸಿದ್ದು. "ಹಳೇ ವಾಲ್ವು ಚಪ್ಪಡಿಯ ಕೆಳಗೆ ಉಂಟಲ್ಲ. ಕೀ ಆ ಮನುಷ್ಯನ ಹತ್ತಿರ ಇರಬಹುದು. ಅವನು ಈಗ ಕಾರ್ಕಳದಲ್ಲಿ, ಮಗನ ಮನೆಯಲ್ಲಿ. ಹೋಗು. ನಾನು ಇಲ್ಲಿ ಕೂರ್ತೇನೆ."

ಸ್ಕೂಟರು ತೆಗೆದೆ. ಶಿರ್ವದ ದಾರಿಯಲ್ಲಿ ಹೋದೆ, ಬಿಸಿಲಿಗೆ ಹೆಲ್ಮೆಟ್ಟಿನೊಳಗೆ ತಲೆ ಬೇಯುತ್ತಿತ್ತು. ಕಾರ್ಕಳದಲ್ಲಿ ನಾಲ್ಕು ಕಡೆ ಕೇಳಿ ಮನೆ ಸಿಕ್ಕಿತು. ನೀರಿನ ಅಣ್ಣ ಬನಿಯನ್ನು ಹಾಕಿ ಅಂಗಳದ ಕಲ್ಲಿನ ಮೇಲೆ ಕೂತು ವೀಳ್ಯ ಹಾಕುತ್ತಿದ್ದರು. ಕೀ ಮಂಚದ ಕೆಳಗಿತ್ತು, ತೆಂಗಿನೆಣ್ಣೆ ಸವರಿ ಗೋಣಿಯಲ್ಲಿ ಸುತ್ತಿ.

"ಯಾರೂ ಕೇಳಲಿಲ್ಲ, ನಾನೂ ಕೊಡಲಿಲ್ಲ," ಅಂದರು. "ಆದರೆ ಅಕ್ಕ, ಸೀಲ್ ಹಾಕಿದ್ದಾರೆ. ನಾನು ಮುಟ್ಟಿದರೆ ಕೇಸು. ನನಗೆ ಪೆನ್ಷನ್ ಬರುವುದು ನಿಲ್ಲಿಸಬೇಡಿ."

ಅಲ್ಲಿಂದಲೇ ಹೊಸ ಇಂಜಿನಿಯರಿಗೆ ಫೋನ್ ಹಾಕಿದೆ. ಸ್ಪೀಕರಿನಲ್ಲಿ ಇಟ್ಟೆ.

"ಮೇಡಂ, ದಯವಿಟ್ಟು ಮುಟ್ಟಬೇಡಿ. ಪ್ಯಾನೆಲ್ ಆಫ್‌ಲೈನ್ ತೋರಿಸ್ತಾ ಇದೆ, ನೆಟ್‌ವರ್ಕ್ ಬಂದ ಕೂಡಲೇ ನಾನೇ ಓಪನ್ ಮಾಡ್ತೇನೆ."

"ಯಾವಾಗ ಬರ್ತದೆ?"

"ಅದು ನಮ್ಮ ಕೈಯಲ್ಲಿ ಇಲ್ಲ ಮೇಡಂ."

"ಹಾಗಾದರೆ ನಮ್ಮ ಕೈಯಲ್ಲಿ ಇರುವುದನ್ನು ನಾವು ಮಾಡ್ತೇವೆ. ಸೀಲ್ ಒಡೆಯುವುದು ನಾನು, ಅಣ್ಣ ಅಲ್ಲ. ಕೇಸ್ ಹಾಕುವುದಾದರೆ ಇವತ್ತು ಸಂಜೆ ಆರು ಗಂಟೆಗೆ ಬನ್ನಿ, ಬಾಗಿಲಲ್ಲೇ ನಿಂತಿರ್ತೇನೆ."

ಫೋನು ಇಟ್ಟೆ. ಅಣ್ಣ ವೀಳ್ಯ ಉಗಿದು ಬಂದರು. "ಮಗು ಎಂತ?"

"ಹೆಣ್ಣು."

"ತಾಯಿ ಅಂದರೆ ಆ ಎರಡು ಜಡೆಯವಳಲ್ವಾ, ನಾನು ನೀರು ಬಿಡುವಾಗ ವಾಲ್ವಿನ ಗುಂಡಿಯೊಳಗೆ ಬಗ್ಗಿ ನೋಡುತ್ತಿದ್ದಳು?" ಅಂಗಿ ಹಾಕಿಕೊಂಡರು. "ನಡೀರಿ."

ವಾಪಸು ಬರುವಾಗ ನಮ್ಮನ್ನು ನೋಡಬೇಕಿತ್ತು. ಐವತ್ತರ ಹೆಂಗಸು ಸ್ಕೂಟರು ಬಿಡುವುದು, ಹಿಂದೆ ಅರುವತ್ತೊಂದರ ಗಂಡಸು, ಅವರ ಕೈಯಲ್ಲಿ ನೆಟ್ಟಗೆ ಹಿಡಿದ ನಾಲ್ಕು ಅಡಿಯ ಕಬ್ಬಿಣ. ಶಿರ್ವದಲ್ಲಿ ಒಬ್ಬ ಬಸ್ಸಿನ ಕಂಡಕ್ಟರ್ ತಲೆ ಹೊರಗೆ ಹಾಕಿ, "ಅಕ್ಕಾ, ಯಾರಿಗೆ ಹೊಡೆಯಲಿಕ್ಕೆ?" ಅಂತ ಕೇಳಿದ. "ನೀರು ಕೊಡದವರಿಗೆ!" ಅಂದೆ. ಅಷ್ಟು ಧೈರ್ಯ ಇತ್ತು ಆಗ.

ಮನೆ ಮುಟ್ಟುವಾಗ ಅರ್ಧ ವಾರ್ಡು ನಮ್ಮ ಕಾಂಪೌಂಡಿನಲ್ಲಿ. ಬಾಯಮ್ಮ ಗ್ರೂಪಿನಲ್ಲಿ ವಾಯ್ಸ್ ಮೆಸೇಜ್ ಹಾಕಿದ್ದರಂತೆ. ಇಂಜಿನಿಯರನೂ ಬಂದಿದ್ದ, ಲ್ಯಾಪ್‌ಟಾಪ್ ಬ್ಯಾಗು ಎದೆಗೆ ಹಿಡಿದು. ಮೂವತ್ತರ ಆಸುಪಾಸಿನ ಪಾಪದ ಜೀವ. ನಾನು ಅವನ ಕಣ್ಣೆದುರೇ ಸೀಲಿನ ತಂತಿಯನ್ನು ಕೊಯ್ದೆ. ಅವನು ತಡೆಯಲಿಲ್ಲ, ಆ ಕಡೆ ತಿರುಗಿದ. ನಾಲ್ಕು ಜನ ಚಪ್ಪಡಿ ಸರಿಸಿದೆವು. ಅಣ್ಣ ಕೀ ಇಳಿಸಿ, ಕಣ್ಣು ಮುಚ್ಚಿ, ತುದಿ ಕಚ್ಚಿತಾ ಅಂತ ಕೈಯಲ್ಲೇ ನೋಡಿ, ತಿರುಗಿಸಿದರು. ಮೊದಲ ಸುತ್ತು ಕಿರುಚಿತು. ಐದನೆಯದಕ್ಕೆ ಕೆಳಗೆ ಗುಳುಗುಳು. ಒಂಬತ್ತನೆಯದಕ್ಕೆ ಬಾಯಮ್ಮನ ಅಂಗಳದ ನಳ್ಳಿ ಕೆಮ್ಮಿ, ಕೆಂಪು ನೀರು ಉಗುಳಿ, ಆಮೇಲೆ ತಿಳಿಯಾಗಿ ಸುರಿಯಿತು. ಹೆಂಗಸರು ಕೊಡಪಾನ ಹಿಡಿದು ಓಡಿದರು.

ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ ಇಂಜಿನಿಯರಿಗೆ ಭಾಷಣ ಶುರು ಮಾಡಿದೆ. ಯಾರೋ ವಿಡಿಯೋ ಕೂಡಾ ಮಾಡುತ್ತಿದ್ದರು. "ನಾಲ್ಕು ದಿನ! ನಿಮ್ಮ ನೆಟ್‌ವರ್ಕ್ ಯಾಕೆ ಹೋಯಿತು ಅಂತ ಒಬ್ಬರಾದರೂ ಬಂದು ನೋಡಿದ್ದೀರಾ?"

ಅವನು ಪೆಟ್ಟಿಗೆಗೆ ವಯರು ಸಿಕ್ಕಿಸಿ ಲ್ಯಾಪ್‌ಟಾಪು ನೋಡುತ್ತಿದ್ದ. ಹುಬ್ಬು ಗಂಟಾಯಿತು.

"ಮೇಡಂ, ಇದು ಸಿಮ್ಮಿನಲ್ಲಿ ಇಲ್ಲವೇ ಇಲ್ಲ. ಯಾವುದೋ ವೈಫೈ ಹುಡುಕ್ತಾ ಉಂಟು, ನಾಲ್ಕು ದಿನದಿಂದ. ನನಗೆ ಯಾರೂ ಹೇಳಿಲ್ಲ. ಹೆಸರು... 'ಬಂಗುಡೆ' ಅಂತ. ಬಂಗುಡೆ ಯಾರದ್ದು?"

ನಮ್ಮ ವೈಫೈಗೆ ಆ ಮೀನಿನ ಹೆಸರು ಇಟ್ಟದ್ದು ನಾನೇ, ತಮಾಷೆಗೆ. ವಾರ್ಡಿನ ಪ್ರತಿಯೊಂದು ಮೊಬೈಲಿನಲ್ಲೂ ಅದು ಕಾಣುತ್ತದೆ. ಎಲ್ಲರೂ ನನ್ನನ್ನೇ ನೋಡಿದರು. ನಾನು ಒಳಗೆ ಹೋದೆ. ಟಿವಿಯ ಹಿಂದೆ ಮೋಡೆಮ್ಮಿನ ಪ್ಲಗ್ಗು ಗೋಡೆಯ ಪಕ್ಕದಲ್ಲಿ ಜೋತು ಬಿದ್ದಿತ್ತು, ನಾನು ನಾಲ್ಕು ದಿನದ ಹಿಂದೆ ಕಿತ್ತ ಹಾಗೆಯೇ. ಮನೆಗೆ ಬಂದ ಗಡಿಬಿಡಿಯಲ್ಲಿ ಅದರ ಕಡೆ ನೋಡಿರಲೇ ಇಲ್ಲ.

ಹೊರಗೆ ಬಂದು ಹೇಳಿದೆ: "ನಾನೇ ತೆಗೆದದ್ದು. ಗುಡುಗು ಇತ್ತು."

ಮೊದಲು ನಕ್ಕದ್ದು ಬಾಯಮ್ಮ. "ನಾಲ್ಕು ದಿನ ಅರುವತ್ತು ಮನೆಗೆ ಉಪವಾಸ ಹಾಕಿ ಪೋಸ್ಟ್ ಬೇರೆ ಬರೆದಳು! ಹೆಸರು ಹೇಳಿ ಅಂತ ಕೇಳಿದ್ದೆಯಲ್ಲ ಮಾರಾಯ್ತಿ, ಈಗ ಹೇಳು!"

ಎಲ್ಲರೂ ನಕ್ಕರು. ನಾನೂ ನಕ್ಕೆ ಅಂತ ಹೇಳಿದರೆ ಸುಳ್ಳು. ಕಿವಿ ಬಿಸಿಯಾಗಿತ್ತು. ಈ ಜನರಲ್ಲಿ ಇಬ್ಬರು ಬಡ ಹೆಂಗಸರು ಹೈವೇ ದಾಟಿ ನೀರು ಹೊತ್ತಿದ್ದಾರೆ, ನನ್ನ ಪ್ಲಗ್ಗಿನಿಂದಾಗಿ.

ಇಂಜಿನಿಯರಿಗೆ ಮಾತ್ರ ಜೀವ ಬಂದ ಹಾಗಾಯಿತು. "ಹಾಗಾದರೆ ಸಿಸ್ಟಮ್ ಸರಿ ಉಂಟು ಮೇಡಂ. ನೀವು ಮೋಡೆಮ್ ಆಫ್ ಮಾಡದಿದ್ದರೆ ಆಯಿತು. ಒಂದು ಯುಪಿಎಸ್ ಇಟ್ಟುಕೊಳ್ಳಿ."

ಆ ಮಾತಿಗೇ ನನ್ನ ಕಿವಿಯ ಬಿಸಿ ಇಳಿದು ತಲೆ ನೆಟ್ಟಗಾಯಿತು.

"ಇಲ್ಲ ತಮ್ಮ," ಅಂದೆ. "ತಪ್ಪು ನನ್ನದು, ಒಪ್ಪಿದೆ. ಆದರೆ ಒಬ್ಬಳು ಹೆಂಗಸು ಗುಡುಗಿಗೆ ಹೆದರಿ ಪ್ಲಗ್ಗು ತೆಗೆದರೆ ಅರುವತ್ತು ಮನೆಗೆ ನೀರಿಲ್ಲ ಅಂತಾದರೆ, ಅದನ್ನು ಸರಿ ಉಂಟು ಅಂತ ಹೇಳಬೇಡ. ನಾಳೆ ನಾನು ಮಸ್ಕತ್ತಿಗೆ ಹೋದರೆ? ಬಿಲ್ಲು ಕಟ್ಟಲು ಮರೆತರೆ?"

ಅವನು ಲ್ಯಾಪ್‌ಟಾಪು ಮುಚ್ಚಿ ಬ್ಯಾಗಿಗೆ ಹಾಕಿದ. ಅವನದ್ದೇನೂ ತಪ್ಪು ಇರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಹಂಡೆಯ ಕೆಳಗೆ ತೆಂಗಿನ ಮಡಲು ಉರಿಸಿ ಮಗಳನ್ನು ಮೀಯಿಸಿದೆವು. ಸರಿಯಾಗಿ ಹತ್ತಕ್ಕೆ ಅವಳ ಅತ್ತೆಯ ಕಾರು. ಅವರು ನೇರ ಬಚ್ಚಲಿಗೆ ಹೋಗಿ, ಹಂಡೆಯ ಮುಚ್ಚಳ ಎತ್ತಿ, ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿ ನೋಡಿದರು. ಉಪ್ಪಿಲ್ಲ. ಚಹಾ ಕುಡಿದರು. ಮಗುವನ್ನು ಅರ್ಧ ಗಂಟೆ ತೊಡೆಯ ಮೇಲಿಟ್ಟುಕೊಂಡರು. ಹೋಗುವಾಗ ನನಗೆ ಹೇಳಿದರು: "ಇವತ್ತು ಬಂತು. ನಲವತ್ತು ದಿನ ಬರ್ತದಾ?"

ಅದೇ ಪ್ರಶ್ನೆ ನನ್ನದೂ.

ವಾರ ಕಳೆದು ಶಾಲೆಯ ಹಾಲ್‌ನಲ್ಲಿ ವಾರ್ಡು ಸಭೆ. ಮೊದಲು ಎದ್ದು ನಿಂತು ಎಲ್ಲರೆದುರು ತಪ್ಪೊಪ್ಪಿಕೊಂಡೆ, ಇಂಜಿನಿಯರಿನ ಕ್ಷಮೆ ಕೇಳಿದೆ. ಆಮೇಲೆ ಕೂರಲಿಲ್ಲ. ಉಡುಪಿಯಿಂದ ಬಂದಿದ್ದ ದೊಡ್ಡ ಸಾಹೇಬರು ಸಮಾಧಾನ ಮಾಡಿದರು: "ಇನ್ನು ನಿಮ್ಮ ವೈಫೈ ಬೇಡಮ್ಮ. ಆಂಟೆನಾ ಎತ್ತರಿಸಿ ಎರಡು ಸಿಮ್ ಹಾಕುತ್ತೇವೆ. ಒಂದು ಹೋದರೆ ಇನ್ನೊಂದು."

"ಎರಡೂ ಹಿಡಿಯುವುದು ಒಂದೇ ಟವರಲ್ವಾ ಸಾರ್? ಸಿಡಿಲು ಸಿಮ್ಮು ಲೆಕ್ಕ ಮಾಡುವುದಿಲ್ಲ."

ಜನ ನಕ್ಕರು. ಸಾಹೇಬರು ನಗಲಿಲ್ಲ. "ದೊಡ್ಡ ದೊಡ್ಡ ಸಿಟಿಯಲ್ಲಿ ಎಲ್ಲಾ ವೈರ್‌ಲೆಸ್ ಆಗ್ತಾ ಉಂಟು. ನೀವು ಹಿಂದಕ್ಕೆ ಹೋಗುವುದಾ?"

ಆಗ ನನಗೆ ಆ ನರ್ಸು ನೆನಪಾದರು. ಹೇಳಿದೆ. ಅಷ್ಟು ದೊಡ್ಡ ಆಸ್ಪತ್ರೆ, ಟೋಕನ್ನಿನಿಂದ ರಿಪೋರ್ಟಿನವರೆಗೆ ಎಲ್ಲಾ ಮೊಬೈಲಿನಲ್ಲಿ ಬರ್ತದೆ. ಆದರೆ ಡಾಕ್ಟರು ಕೂಡಲೇ ಬೇಕು ಅಂದಾಗ ಕೈ ಹೋದದ್ದು ಗೋಡೆಯ ಫೋನಿಗೆ. ಅವರು ಹಿಂದೆ ಹೋದದ್ದಾ? ಬಸ್ಸು ಎಷ್ಟು ಗಂಟೆಗೆ ಅಂತ ಮೊಬೈಲಿನಲ್ಲಿ ಹೇಳಿ, ಸಂತೋಷ. ನೀರು ಬರ್ತದೆ ಅಂತ ಮೆಸೇಜ್ ಹಾಕಿ, ಕೈ ಮುಗಿಯುತ್ತೇನೆ. ಪೆಟ್ಟಿಗೆಯೂ ಇರಲಿ, ದಿನಾ ಅದೇ ತೆರೆಯಲಿ. ಆದರೆ ಅದು ಸತ್ತ ದಿನ ಬಾಗಿ ತೆರೆಯಲು ಒಂದು ಕೀ, ತಿರುಗಿಸಲು ಇಬ್ಬರು ಮನುಷ್ಯರು, ಯಾರನ್ನೂ ಕೇಳದೆ ತೆರೆಯಬಹುದು ಅಂತ ಒಂದು ಕಾಗದ. ಟ್ಯಾಂಕಿಯ ಹತ್ತಿರಕ್ಕೆ ಒಂದು ವಯರಿನ ಫೋನು. ಇಷ್ಟು ಬರೆದು ಕೊಡಿ.

"ನೋಡುವ," ಅಂದರು.

"ನೋಡಿ. ನಾನು ನಿಂತಿರ್ತೇನೆ. ಮನೆಯಲ್ಲಿ ಬಾಣಂತಿ ಇದ್ದಾಳೆ, ಬಾಯಮ್ಮ ನೋಡಿಕೊಳ್ತಾರೆ ಅಂತ ಬಂದದ್ದು, ಆದರೆ ಅವರೂ ಇಲ್ಲೇ ಕೂತಿದ್ದಾರೆ. ಹಾಗಾಗಿ ಸ್ವಲ್ಪ ಬೇಗ ನೋಡಿ."

ಬಾಯಮ್ಮ ಹಿಂದಿನ ಬೆಂಚಿನಿಂದ ಕೈ ಎತ್ತಿದರು. ಮುಕ್ಕಾಲು ಗಂಟೆ ನಿಂತೆ. ಕಾಲು ನೋವು ಬಂತು. ಕೊನೆಗೆ ಬರೆದರು. ಟೆಲಿಫೋನು "ಪರಿಶೀಲಿಸಲಾಗುವುದು" ಅಂತ ಬರೆದಿದ್ದಾರೆ, ಇನ್ನೂ ಬಂದಿಲ್ಲ. ತಿಂಗಳಿಗೊಮ್ಮೆ ಹೋಗಿ ಕೇಳುತ್ತೇನೆ, ಬರುವವರೆಗೆ ಕೇಳುತ್ತೇನೆ. ಕೀಯ ಕಾಗದ ಮಾತ್ರ ಸಹಿ, ಸೀಲು ಸಮೇತ ಸಿಕ್ಕಿತು. ಅದರಲ್ಲಿ ಎರಡು ಹೆಸರು. ಒಂದು ನನ್ನದು, ಇನ್ನೊಂದು ಬಾಯಮ್ಮನದ್ದು.

ನೀರಿನ ಅಣ್ಣ ಕಾರ್ಕಳದಿಂದ ಇನ್ನೊಮ್ಮೆ ಬಂದು ನಮ್ಮಿಬ್ಬರಿಗೆ ಕಲಿಸಿ ಕೊಟ್ಟರು. ಕೀಯನ್ನು ನಮ್ಮ ಜಗಲಿಯ ಮೊಳೆಗೆ ತೂಗಿಸಿದರು. "ಒಂಬತ್ತು ಸುತ್ತು. ಹತ್ತನೆಯದು ಬೇಡ, ಹಳೇ ಪೈಪು," ಅಂತ ಮೂರು ಸಲ ಹೇಳಿದರು.

ಬಾಣಂತನದ ಇಪ್ಪತ್ತೆರಡನೇ ದಿನ ಪುನಃ ಗುಡುಗು. ಆ ಕಡೆ ಎಲ್ಲೋ ಟವರಿಗೆ ಹೊಡೆಯಿತು, ಪೆಟ್ಟಿಗೆಗೆ ಹೊಸದಾಗಿ ಹಾಕಿದ್ದ ಎರಡು ಸಿಮ್ಮೂ ಒಟ್ಟಿಗೇ ಸತ್ತವು. ನಾನು ಯಾವ ನಾಚಿಕೆಯೂ ಇಲ್ಲದೆ ಎಲ್ಲಾ ಪ್ಲಗ್ಗು ಕಿತ್ತೆ. ಮರುದಿನ ಬೆಳಿಗ್ಗೆ ಆರಕ್ಕೆ ಕೀ ಹೊತ್ತು ಚಪ್ಪಡಿಯ ಹತ್ತಿರ ಹೋದರೆ ಬಾಯಮ್ಮ ಮೊದಲೇ ಬಂದು ನಿಂತಿದ್ದರು, ಮೊಣಕಾಲಿಗೆ ಗರಮ್ ಪಟ್ಟಿ ಕಟ್ಟಿಕೊಂಡು. ಇಬ್ಬರೂ ಸೇರಿ ತಿರುಗಿಸಿದೆವು. ಏಳನೇ ಸುತ್ತಿಗೆ ಎಣಿಸಲು ನನ್ನಲ್ಲಿ ಉಸಿರಿರಲಿಲ್ಲ, ಉಳಿದ ಎರಡನ್ನು ಅವರೇ ಎಣಿಸಿದರು.

ಒಳಗೆ ನಳ್ಳಿ ಕೆಮ್ಮಿತು. ಮಗಳು ಕಿಟಕಿಯಿಂದ ಕೂಗಿದಳು: "ಅಮ್ಮ, ಬಂತು! ಹಂಡೆಗೆ ಬಿಡಲಾ?"

"ಬಿಡು. ಮೊದಲ ಎರಡು ಚೆಂಬು ಚೆಲ್ಲು, ಕೆಂಪು ಇರ್ತದೆ. ನಿನ್ನ ಅತ್ತೆಗೆ ಒಂದು ಫೋಟೋ ಕಳಿಸು."

"ನೆಟ್ ಇಲ್ಲ ಅಮ್ಮ."

"ಬಂದಾಗ ಕಳಿಸು. ಫೋಟೋಕ್ಕೆ ಅರ್ಜೆಂಟಿಲ್ಲ."